ಅಟ್ಟದ ಮೇಲಿನ ಮುಡಿ

ನಾನು ಮದುವೆಯಾಗಿ ಈ ಮನೆಗೆ ಬಂದದ್ದು 1996ರಲ್ಲಿ. ಮಂಗಳೂರಿನ ಬಂದರು ಪರಿಸರದಲ್ಲಿ ಹುಟ್ಟಿ ಬೆಳೆದ ನನಗೆ ಅಕ್ಕಿ ಎಂದರೆ ಅಂಗಡಿಯ ಗೋಣಿಯಲ್ಲಿರುವ ವಸ್ತು, ಅಷ್ಟೇ. ಬಂಟ್ವಾಳ ತಾಲೂಕಿನ ಈ ಹಳ್ಳಿಯ ಹಂಚಿನ ಮನೆಗೆ ಕಾಲಿಟ್ಟ ಮರುದಿನ ಅಡುಗೆ ಕೋಣೆಯಲ್ಲಿ ತಲೆ ಎತ್ತಿ ನೋಡಿದೆ. ಹೊಗೆ ಹಿಡಿದು ಕಪ್ಪಾದ ಅಟ್ಟದ ಮೇಲೆ ಬೈಹುಲ್ಲಿನಿಂದ ಬಿಗಿದ ಗುಂಡನೆಯ ದೊಡ್ಡ ಗಂಟೊಂದು ಕುಳಿತಿತ್ತು. ಪಕ್ಕದ ಜಂತಿಯಲ್ಲಿ ಬಾಳೆನಾರಿನಿಂದ ಕಟ್ಟಿ ತೂಗುಹಾಕಿದ ಹತ್ತಾರು ಸೌತೆಕಾಯಿಗಳು.

"ಅದೇನು ಉಮ್ಮಾ?" ಎಂದು ಅತ್ತೆಯನ್ನು ಕೇಳಿದೆ.

"ಅದು ಬಿತ್ತನೆಯ ಮುಡಿ ಮಗಳೇ. ಮನೆಯಲ್ಲಿ ಅಕ್ಕಿ ಮುಗಿದರೆ ಸಾಲ ತಂದಾದರೂ ಉಣ್ಣಬಹುದು. ಅದನ್ನು ಮಾತ್ರ ಬಿಚ್ಚಬಾರದು" ಎಂದರು.

ಹದಿನೆಂಟು ವರ್ಷಗಳ ನಂತರ ಆ ಮುಡಿಯನ್ನು ಬಿಚ್ಚಿದವಳು ನಾನೇ. ಆ ಕತೆಯನ್ನು ಈವರೆಗೆ ಯಾರಲ್ಲೂ ಸರಿಯಾಗಿ ಹೇಳಿಕೊಂಡಿಲ್ಲ. ನಮ್ಮ ಅಡುಗೆ ಕೋಣೆಗೂ ಗದ್ದೆಗೂ ಇರುವ ನಂಟನ್ನು ಅದು ನನಗೆ ಕಲಿಸಿದ್ದರಿಂದ ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಮನೆಯ ಮುಂದೆ ಅರ್ಧ ಎಕರೆ ಮಜಲು ಗದ್ದೆ ಇತ್ತು. ನಮ್ಮ ಜಿಲ್ಲೆಯಲ್ಲಿ ಎತ್ತರದ ಗದ್ದೆಯನ್ನು ಬೆಟ್ಟು, ನಡುವಿನದ್ದನ್ನು ಮಜಲು, ತಗ್ಗಿನದ್ದನ್ನು ಬೈಲು ಎನ್ನುತ್ತಾರೆ. ಬೆಟ್ಟಿಗೆ ಮಳೆಗಾಲದ ಏಣಿಲು ಬೆಳೆ ಮಾತ್ರ. ಮಜಲಿಗೆ ಏಣಿಲು ಮತ್ತು ಸುಗ್ಗಿ. ನೀರಿರುವ ಬೈಲಿನಲ್ಲಿ ಕೊಳಕೆ ಎಂಬ ಮೂರನೇ ಬೆಳೆಯೂ ಆಗುತ್ತಿತ್ತು. ಅತ್ತೆಯವರು ಬೆಳೆಸುತ್ತಿದ್ದದ್ದು ಕಯಮೆ ಜಾತಿಯ ಭತ್ತ. ಅವರ ಉಮ್ಮ ತವರಿನಿಂದ ಕೊಟ್ಟು ಕಳುಹಿಸಿದ್ದಂತೆ. ಕೊಯ್ಲಿನ ದಿನ ಅವರೇ ಗದ್ದೆಗೆ ಇಳಿದು, ಒಂದೇ ಎತ್ತರಕ್ಕೆ ಬೆಳೆದ, ರೋಗವಿಲ್ಲದ ತೆನೆಗಳನ್ನು ಆರಿಸಿ ಬೇರೆಯೇ ಇಡುತ್ತಿದ್ದರು. ಅದನ್ನು ಚೆನ್ನಾಗಿ ಒಣಗಿಸಿ, ಮುಡಿ ಕಟ್ಟಿಸಿ, ಒಲೆಯ ಹೊಗೆ ತಾಗುವಂತೆ ಅಟ್ಟಕ್ಕೆ ಏರಿಸುತ್ತಿದ್ದರು. ಹೊಗೆ ಇದ್ದಲ್ಲಿ ಹುಳು ಬರುವುದಿಲ್ಲ, ತೇವ ನಿಲ್ಲುವುದಿಲ್ಲ. ಶಾಲೆಯ ಮೆಟ್ಟಿಲನ್ನೂ ಹತ್ತದ ಆ ಹೆಂಗಸು ಪ್ರತಿ ವರ್ಷ ಮಾಡುತ್ತಿದ್ದ ಈ ಆಯ್ಕೆಯ ಕೆಲಸವನ್ನೇ ಕೃಷಿ ವಿಜ್ಞಾನಿಗಳು ತಳಿ ಶುದ್ಧೀಕರಣ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಇನ್ನೊಂದು ಕ್ರಮವೂ ಇತ್ತು. ಕೊಯ್ಲಾದ ಕೂಡಲೇ ಮೊದಲು ಬಡವರ ಪಾಲನ್ನು ಅಳೆದು ಬದಿಗಿಡುವುದು. ಮಳೆ ನೀರಿನ ಬೆಳೆಗೆ ಹತ್ತರಲ್ಲೊಂದು, ನೀರು ಹಾಯಿಸಿದ ಬೆಳೆಗೆ ಇಪ್ಪತ್ತರಲ್ಲೊಂದು. ಕಡ್ಡಾಯವಾಗುವಷ್ಟು ಬೆಳೆ ನಮ್ಮ ತುಂಡು ಗದ್ದೆಯಲ್ಲಿ ಬಾರದಿದ್ದರೂ ಅವರು ತಪ್ಪಿಸಿದವರಲ್ಲ. ಈದುಲ್ ಫಿತ್ರ್‌ನ ಹಿಂದಿನ ರಾತ್ರಿ ಮನೆಯ ಪ್ರತಿ ತಲೆಗೊಂದು ಅಳತೆಯಂತೆ ಫಿತ್ರ್ ಝಕಾತ್‌ನ ಅಕ್ಕಿಯನ್ನು ಅದೇ ಗದ್ದೆಯ ಕುಚ್ಚಲಕ್ಕಿಯಲ್ಲಿ ಕೊಡುತ್ತಿದ್ದರು. "ನಾವು ಉಣ್ಣುವುದನ್ನೇ ಕೊಡಬೇಕು" ಎನ್ನುವುದು ಅವರ ಮಾತು.

ನನ್ನವರು ಹದಿನೆಂಟು ವರ್ಷ ದಮ್ಮಾಮ್‌ನಲ್ಲಿ ದುಡಿದು 2012ರಲ್ಲಿ ಊರಿಗೆ ಮರಳಿದರು. ಕೈಯಲ್ಲಿದ್ದ ಹಣ ಕರಗುವ ಮೊದಲು ಏನಾದರೂ ಮಾಡಬೇಕಿತ್ತು. ಗದ್ದೆ ಬೇಸಾಯದ ಲೆಕ್ಕ ಹಾಕಿದರೆ ಖರ್ಚೇ ಹೆಚ್ಚು. ನೇಜಿ ನೆಡಲು ಹೆಂಗಸರು ಸಿಗುತ್ತಿರಲಿಲ್ಲ. ಅವರ ಮಕ್ಕಳೆಲ್ಲ ಓದಿ ಪೇಟೆಯ ಕೆಲಸಕ್ಕೆ ಹೋಗಿದ್ದರು, ಅದು ಒಳ್ಳೆಯದೇ. 2014ರ ಹೊತ್ತಿಗೆ ಅಡಿಕೆಯ ಧಾರಣೆ ಏರಿತ್ತು. ಸುತ್ತಲಿನ ಗದ್ದೆಗಳೆಲ್ಲ ಒಂದೊಂದಾಗಿ ತೋಟಗಳಾಗುತ್ತಿದ್ದವು. "ನಾವೂ ಅಡಿಕೆ ಹಾಕೋಣ" ಎಂದು ಮೊದಲು ಹೇಳಿದವಳು ನಾನು. ಹೆಣ್ಣುಮಕ್ಕಳ ಓದು, ಮದುವೆ ಎಲ್ಲವೂ ಮುಂದಿತ್ತು. ಆ ದಿನದ ನನ್ನ ಲೆಕ್ಕ ತಪ್ಪೆಂದು ಇಂದೂ ಪೂರ್ತಿಯಾಗಿ ಹೇಳಲಾರೆ.

ಆ ಬೇಸಿಗೆಯಲ್ಲೇ ಜೆಸಿಬಿ ಬಂತು. ಹುಣಿಗಳನ್ನು ಒಡೆದು ಗದ್ದೆಯನ್ನು ಮಟ್ಟ ಮಾಡಲಾಯಿತು. ನೀರು ಬಸಿದು ಹೋಗಲು ಉದ್ದಕ್ಕೂ ಕಣಿ ತೋಡಿ ಇನ್ನೂರೈವತ್ತು ಅಡಿಕೆ ಗಿಡ ನೆಟ್ಟೆವು. ಹಟ್ಟಿಯ ಎರಡು ಹಸುಗಳನ್ನು ಮಾರಿದೆವು. ಮಳೆಗೆ ಮುಂಚೆ ಮನೆಯ ಹಂಚು ಇಳಿಸಿ ರಿಪೇರಿ ಮಾಡುವಾಗ ಅಟ್ಟ ಖಾಲಿ ಮಾಡಬೇಕಾಯಿತು. ಅತ್ತೆ ಆಗ ತಮ್ಮ ಮಗಳ ಮನೆಯಲ್ಲಿದ್ದರು. ಗದ್ದೆಯೇ ಇಲ್ಲದ ಮೇಲೆ ಬಿತ್ತನೆ ಭತ್ತ ಇಟ್ಟು ಏನು ಮಾಡುವುದು? ಮುಡಿ ಬಿಚ್ಚಿಸಿ ಮಿಲ್ಲಿಗೆ ಕಳುಹಿಸಿಬಿಟ್ಟೆ. ಒಳ್ಳೆಯ ಅಕ್ಕಿಯೇ ಬಂತು.

ಒಂದು ವಾರದ ಬಳಿಕ ಅತ್ತೆ ಬಂದರು. ಮೇಲೆ ನೋಡಿದರು.

"ಅಟ್ಟದ ಮುಡಿ ಎಲ್ಲಿ?"

"ಮಿಲ್ಲಿಗೆ ಕೊಟ್ಟೆ ಉಮ್ಮಾ. ಇನ್ನು ಗದ್ದೆ ಇಲ್ಲವಲ್ಲ?"

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಬಾವಿಕಟ್ಟೆಯ ಬದಿಯಲ್ಲಿ ಒಂದು ಪಾತಿ ಬಿತ್ತೋಣ ಅಂದುಕೊಂಡಿದ್ದೆ" ಎಂದರು. ಅಷ್ಟೇ. ಬೈಯಲಿಲ್ಲ. ಆ ರಾತ್ರಿ ಅದೇ ಅಕ್ಕಿಯ ಗಂಜಿ ಉಂಡು ಮಲಗಿದರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಭತ್ತದ ಬೀಜ ಬಂಗಾರದಂತೆ ಪೆಟ್ಟಿಗೆಯಲ್ಲಿ ಉಳಿಯುವ ವಸ್ತುವಲ್ಲ. ನಮ್ಮ ಕರಾವಳಿಯ ಸೆಕೆ ಮತ್ತು ತೇವದಲ್ಲಿ ಒಂದೆರಡು ವರ್ಷ ಕಳೆದರೆ ಮೊಳಕೆಯ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಪ್ರತಿ ವರ್ಷ ಮಣ್ಣಿಗೆ ಬಿದ್ದು, ಬೆಳೆದು, ಮತ್ತೆ ಅಟ್ಟಕ್ಕೆ ಏರಿದರೆ ಮಾತ್ರ ಅದರ ಬಾಳು. ಒಂದೇ ಒಂದು ವರ್ಷ ಸರಪಣಿ ತುಂಡಾದರೆ ತಲೆಮಾರುಗಳ ಗಳಿಕೆ ಮುಗಿದಂತೆ. ಅತ್ತೆಯವರಿಗೆ ಇದು ಗೊತ್ತಿತ್ತು. ಅದಕ್ಕೇ ಒಂದು ಪಾತಿಯಷ್ಟಾದರೂ ಬಿತ್ತುವ ಯೋಚನೆ ಮಾಡಿದ್ದರು.

ಗದ್ದೆ ಹೋದದ್ದರ ಪರಿಣಾಮ ಮೊದಲು ಕಂಡದ್ದು ಬಾವಿಯಲ್ಲಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಕೊಡ ಹಿಡಿದು ಓಡಾಡುತ್ತೇವೆ. ಯಾಕೆ? ಹುಣಿ ಕಟ್ಟಿದ ಗದ್ದೆ ಮಳೆಗಾಲದ ನಾಲ್ಕು ತಿಂಗಳೂ ನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಭೂಮಿಗೆ ಇಳಿಸುತ್ತಿತ್ತು. ಅಡಿಕೆಗೆ ಬುಡದಲ್ಲಿ ನೀರು ನಿಲ್ಲಬಾರದು. ಆದ್ದರಿಂದ ಮಳೆಯ ನೀರನ್ನೆಲ್ಲ ಕಣಿಯ ಮೂಲಕ ತೋಡಿಗೆ, ತೋಡಿನಿಂದ ನೇತ್ರಾವತಿಗೆ, ಅಲ್ಲಿಂದ ಸಮುದ್ರಕ್ಕೆ ಕಳುಹಿಸುತ್ತೇವೆ. ಬೇಸಿಗೆಯಲ್ಲಿ ಅದೇ ಅಡಿಕೆಗೆ ಬಾವಿಯಿಂದ ನೀರೆತ್ತುತ್ತೇವೆ! ಹಿಂದೆ ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ತೋಡಿಗೆ ಮಣ್ಣು ಕಲ್ಲುಗಳ ಕಟ್ಟ ಕಟ್ಟುತ್ತಿದ್ದರು. ಗದ್ದೆ ಇಲ್ಲದ ಮೇಲೆ ಕಟ್ಟವೂ ನಿಂತಿತು. 2019ರ ಬೇಸಿಗೆಯಲ್ಲಿ ಮಂಗಳೂರು ನಗರದಲ್ಲೇ ನೀರಿಗೆ ರೇಷನ್ ಬಂದಾಗ ನಮ್ಮ ಬಾವಿಯ ತಳ ಕಾಣುತ್ತಿತ್ತು. ನಲುವತ್ತು ವರ್ಷಗಳಲ್ಲಿ ಮೊದಲ ಸಲ ಎಂದರು ಅತ್ತೆ.

ಎರಡನೆಯದು ಊಟದ ಬಟ್ಟಲಿನಲ್ಲಿ ಕಂಡಿತು. ಅಂಗಡಿಯ ಪಾಲಿಶ್ ಅಕ್ಕಿ ಬೇಗ ಬೇಯುತ್ತದೆ, ಬೆಳ್ಳಗಿರುತ್ತದೆ, ಮಕ್ಕಳಿಗೂ ಇಷ್ಟ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವದ ಒಂದಂಶ ಅಕ್ಕಿಯ ಒಳಕ್ಕೆ ಇಳಿಯುತ್ತದೆ. ಅದಕ್ಕೇ ಕುಚ್ಚಲಕ್ಕಿಗೆ ಬೆಳ್ತಿಗೆಗಿಂತ ಹೆಚ್ಚು ಸತ್ವ. ಕೆಂಪು ತೌಡು ಉಳಿದಿದ್ದರಂತೂ ನಾರಿನಂಶವೂ ಸಿಗುತ್ತದೆ. ಇದೆಲ್ಲ ನನಗೆ ತಿಳಿದದ್ದು ನನ್ನವರಿಗೆ ಸಕ್ಕರೆ ಕಾಯಿಲೆ ಬಂದು, ಡಾಕ್ಟರರು ಊಟದ ಪಟ್ಟಿ ಬರೆದುಕೊಟ್ಟ ಮೇಲೆ. ಆ ಕಾಯಿಲೆಗೆ ಅಕ್ಕಿಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಕೊಲ್ಲಿಯ ಆ ವರ್ಷಗಳ ಊಟ, ನಿದ್ದೆ, ಚಿಂತೆಗಳೂ ಇದ್ದವು. ಆದರೆ ತೌಡು ಉಳಿಸಿದ ಕುಚ್ಚಲಕ್ಕಿ ತಿನ್ನಿರಿ ಎಂದು ಅವರು ಬರೆದುಕೊಟ್ಟ ಚೀಟಿ ಹಿಡಿದು ಅಂಗಡಿಗೆ ಹೋಗಿ ಕಿಲೋಗೆ ಎಷ್ಟೆಂದು ಕೇಳುವಾಗ ನನಗೆ ಅಟ್ಟದ ನೆನಪಾಯಿತು.

2020ರ ರಮಝಾನ್ ಲಾಕ್‌ಡೌನಿನಲ್ಲಿ ಬಂತು. ಮಸೀದಿ ಮುಚ್ಚಿತ್ತು, ಪೇಟೆ ಮುಚ್ಚಿತ್ತು. ಈದಿನ ಹಿಂದಿನ ರಾತ್ರಿ ಫಿತ್ರ್ ಝಕಾತ್‌ಗೆಂದು ಅಂಗಡಿಯ ಬಿಳಿ ಅಕ್ಕಿಯ ಚೀಲವನ್ನು ಅತ್ತೆಯ ಮುಂದಿಟ್ಟೆ. ಅವರು ಕೈ ಹಾಕಿ ನೋಡಿ, "ಇದು ಎಲ್ಲಿಯ ಅಕ್ಕಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಚೀಲದ ಮೇಲೆ ಯಾವುದೋ ದೂರದ ಊರಿನ ಹೆಸರಿತ್ತು. ಯಾರು ಬಿತ್ತಿದರು, ಏನು ಸಿಂಪಡಿಸಿದರು ಒಂದೂ ತಿಳಿಯದು. ಲಾರಿ ನಿಂತರೆ ನಮ್ಮ ಒಲೆಯೂ ನಿಲ್ಲುತ್ತದೆ ಎಂಬುದನ್ನು ಆ ಎರಡು ತಿಂಗಳು ನಮ್ಮೆಲ್ಲರಿಗೂ ಕಲಿಸಿದ್ದವು.

ತೋಟದ ಕೆಳಗಿನ ಅಂಚಿನಲ್ಲಿ, ತೋಡಿನ ಬದಿಗೆ, ಹತ್ತು ಸೆಂಟ್ಸ್ ಜಾಗದಲ್ಲಿ ನೀರು ನಿಂತು ಅಡಿಕೆ ಗಿಡಗಳು ಸತ್ತಿದ್ದವು. "ಅಲ್ಲಿ ಭತ್ತ ಹಾಕೋಣವೇ?" ಎಂದು ನನ್ನವರನ್ನು ಕೇಳಿದೆ. ಅವರು ನಕ್ಕರು. "ಹಾಕಬಹುದು. ಆದರೆ ಬಿತ್ತು ಎಲ್ಲಿದೆ?" ಎಂದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನೇ ಆಗಿದ್ದೆ.

ಬಿತ್ತನೆ ಭತ್ತಕ್ಕಾಗಿ ವಿಚಾರಿಸತೊಡಗಿದಾಗ ಎಂತೆಂಥವರ ಪರಿಚಯವಾಯಿತು! ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಎಂಬ ರೈತರಿದ್ದಾರೆ. ಹಲವು ನೂರು ಬಗೆಯ ಭತ್ತದ ತಳಿಗಳನ್ನು ಬೆಳೆದು ಉಳಿಸಿದ್ದಾರೆ, ಅವುಗಳನ್ನು ಮನೆಯಲ್ಲೇ ಜೋಡಿಸಿಟ್ಟು ಬಂದವರಿಗೆ ತೋರಿಸುತ್ತಾರೆ. ಟಿಪ್ಪು ಸುಲ್ತಾನರ ಕಾಲದಲ್ಲಿ ತಮ್ಮ ಹಿರಿಯರಿಗೆ ದೊರೆತದ್ದೆಂದು ಕುಟುಂಬದವರು ಹೇಳುವ 'ಬಡಾ ಬಾಗ್' ತೋಪಿನಲ್ಲಿ ನೂರಕ್ಕೂ ಹೆಚ್ಚು ಮಾವಿನ ತಳಿಗಳಿವೆ. ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿ 2024ರಲ್ಲಿ ಪದ್ಮಶ್ರೀ ಪಡೆದರು. ರಾಜಕಯಮೆ ತಳಿಯ ಪ್ರಸಾರದಲ್ಲಿ ಅವರ ಹೆಸರು ದೊಡ್ಡದು. ಎಕರೆಗಟ್ಟಲೆ ಗದ್ದೆಯ ಬಲದಿಂದ ಅವರು ಈ ಕೆಲಸ ಮಾಡಿದ್ದಲ್ಲ, ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಮಣ್ಣು ತುಂಬಿ ಭತ್ತ ಬೆಳೆಸಿದರು. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಬಾವಿಕಟ್ಟೆಯ ಬದಿಯ ಒಂದು ಪಾತಿ ಎಂದು ಅತ್ತೆ ಹೇಳಿದ್ದು ಇದನ್ನೇ ಅಲ್ಲವೇ?

ಕೊನೆಗೆ ಸಂಬಂಧಿಕರೊಬ್ಬರ ಮೂಲಕ ಬೆಳ್ತಂಗಡಿ ಕಡೆಯಿಂದ ಒಂದು ಕಿಲೋ ಕಯಮೆ ಸಿಕ್ಕಿತು. ಅತ್ತೆ ಒಂದು ಕಾಳನ್ನು ಹಲ್ಲಿನಿಂದ ಸುಲಿದು, ಬೆಳಕಿಗೆ ಹಿಡಿದು ನೋಡಿದರು. "ಇದು ನಮ್ಮದಲ್ಲ. ನಮ್ಮದು ಇನ್ನೂ ಸಣ್ಣ. ಆದರೂ ಒಳ್ಳೆಯ ಭತ್ತ" ಎಂದರು.

ಹಿಂದಿನ ಕ್ರಮದಲ್ಲಿ ಎಕರೆಗೆ ಇಪ್ಪತ್ತೈದು ಮೂವತ್ತು ಕಿಲೋ ಬಿತ್ತನೆ ಬೇಕು. ನಮ್ಮ ಹತ್ತು ಸೆಂಟ್ಸಿಗೂ ಒಂದು ಕಿಲೋ ಸಾಲದು. ಆಗ ನೆರವಿಗೆ ಬಂದದ್ದು ಶ್ರೀ ಪದ್ಧತಿ. ಮಡಗಾಸ್ಕರ್ ದ್ವೀಪದಲ್ಲಿ 1980ರ ದಶಕದಲ್ಲಿ ಹೆನ್ರಿ ದ ಲೊಲಾನಿಯೇ ಎಂಬ ಪಾದ್ರಿಯೊಬ್ಬರು ಬಡ ರೈತರ ಜೊತೆ ದುಡಿದು ರೂಪಿಸಿದ ಕ್ರಮವಿದು. ಎಂಟರಿಂದ ಹನ್ನೆರಡು ದಿನಗಳ ಎಳೆ ಸಸಿಯನ್ನು, ಗುಂಪಾಗಿ ನೆಡದೆ ಒಂದೊಂದೇ, ಸುಮಾರು ಹತ್ತು ಇಂಚಿನ ಅಂತರದಲ್ಲಿ ನೆಡುವುದು. ನೀರನ್ನು ಸದಾ ನಿಲ್ಲಿಸದೆ ಆಗಾಗ ಬಸಿಯುವುದು. ಬೇರಿಗೆ ಗಾಳಿ ಸಿಕ್ಕಿ ಒಂದೇ ಸಸಿ ಹತ್ತಾರು ತೆಂಡೆ ಹೊಡೆಯುತ್ತದೆ. ಎಕರೆಗೆ ಎರಡು ಕಿಲೋ ಬೀಜ ಸಾಕು. ನಮ್ಮ ಆಟಿ ತಿಂಗಳ ಮಳೆಯಲ್ಲಿ ನೀರು ಬಸಿಯುವುದು ಆಗದ ಮಾತು, ಎಳೆ ಸಸಿ ಕೊಚ್ಚಿ ಹೋಗುತ್ತದೆ. ಆದ್ದರಿಂದ ಹದಿನೈದು ದಿನದ ಸಸಿಯನ್ನು ನಾನು, ನನ್ನ ಸಣ್ಣ ಮಗಳು, ನೆರೆಯ ಅಕ್ಕ ಸೇರಿ ಬಿಸ್ಮಿ ಹೇಳಿ ನೆಟ್ಟೆವು. ಅಕ್ಕ ಹಿಂದೆ ನೇಜಿ ನೆಟ್ಟ ಅನುಭವಿ. "ಒಂದೊಂದೇ ಸಸಿಯಾ? ನವಿಲಿಗೂ ಸಾಲದು" ಎಂದು ನಗುತ್ತಲೇ ನೆಟ್ಟರು.

ಗೊಬ್ಬರಕ್ಕೆ ಅವರ ಹಟ್ಟಿಯ ಗೊಬ್ಬರ, ಸುಡುಮಣ್ಣು. ಜೊತೆಗೆ 2016ರಲ್ಲಿ ಪದ್ಮಶ್ರೀ ಪಡೆದ ಸುಭಾಷ್ ಪಾಳೇಕರರ ಜೀವಾಮೃತವನ್ನೂ ಪ್ರಯತ್ನಿಸಿದೆ. ಒಂದು ಎಕರೆಗೆ ಇನ್ನೂರು ಲೀಟರ್ ನೀರಿಗೆ ಹತ್ತು ಕಿಲೋ ಸೆಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಅದರ ಹತ್ತರಲ್ಲೊಂದು ಪಾಲನ್ನು ಹಳೆಯ ಡ್ರಮ್ಮಿನಲ್ಲಿ ಕಲಸಿ ನೆರಳಲ್ಲಿಟ್ಟು, ದಿನಾ ಕೋಲಿನಿಂದ ತಿರುವಿದೆ. ಇದೊಂದೇ ಗಿಡಕ್ಕೆ ಸಾಕೇ ಎಂಬುದರಲ್ಲಿ ಕೃಷಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ನಾನು ಗೊಬ್ಬರವನ್ನೂ ಹಾಕಿದ್ದರಿಂದ ಯಾವುದರಿಂದ ಎಷ್ಟು ಗುಣವಾಯಿತೆಂದು ಹೇಳಲಾರೆ.

ವಿಷ ಮಾತ್ರ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಈ ಕಡೆಯವರು ಮರೆಯಲಾರರು. ನಮ್ಮ ಬೆಳ್ತಂಗಡಿ, ಪುತ್ತೂರು ತಾಲೂಕುಗಳ ಹಳ್ಳಿಗಳಲ್ಲೂ ಹಾಸಿಗೆ ಬಿಟ್ಟೇಳದ ಮಕ್ಕಳನ್ನು ಹೊತ್ತು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದ ತಾಯಂದಿರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆ ಮಕ್ಕಳ ಬಾಳು ಮಾತ್ರ ಮರಳಿ ಬರಲಿಲ್ಲ.

ಆ ಅಕ್ಟೋಬರಿನಲ್ಲಿ ನಮಗೆ ಸಿಕ್ಕಿದ ಭತ್ತ ನಲುವತ್ತು ಕಿಲೋ ಮಾತ್ರ. ಅಕ್ಕ ಹೇಳಿದಂತೆಯೇ ನವಿಲು, ಕಾಡುಹಂದಿಗಳು ಅರ್ಧಕ್ಕರ್ಧ ಮುಗಿಸಿದ್ದವು. ಎರಡನೇ ವರ್ಷ ಹಳೆಯ ಸೀರೆಗಳನ್ನು ಸುತ್ತ ಕಟ್ಟಿದೆವು, ಎಪ್ಪತ್ತು ಕಿಲೋ ಬಂತು. ಈಗ ಒಂದು ಕ್ವಿಂಟಾಲಿನ ಹತ್ತಿರ ಸಿಗುತ್ತದೆ, ಅಲ್‌ಹಮ್ದುಲಿಲ್ಲಾಹ್. ಮನೆಯ ವರ್ಷದ ಊಟಕ್ಕೆ ಇದು ಏನೇನೂ ಸಾಲದು. ಕೂಲಿಯ ಲೆಕ್ಕ ಹಾಕಿದರೆ ನಷ್ಟವೇ. ಮಕ್ಕಳ ಫೀಸು ಕಟ್ಟುವುದು ಇಂದೂ ಅಡಿಕೆಯೇ. ಆದರೆ ಮಲೆನಾಡಿನಿಂದ ಕರಾವಳಿಯವರೆಗೆ ಅಡಿಕೆಗೆ ಎಲೆಚುಕ್ಕೆ ರೋಗ ಹಬ್ಬಿದ ಮೇಲೆ, ಒಂದೇ ಬೆಳೆಯನ್ನು ನೆಚ್ಚಿ ಕುಳಿತರೆ ಏನಾಗಬಹುದು ಎಂಬ ಭಯ ಊರಿನ ಎಲ್ಲರಿಗೂ ಇದೆ. ತೋಟದ ನಡುವೆ ಈಗ ಬಾಳೆ, ಕಾಳುಮೆಣಸು, ಕೆಸು, ಅರಶಿನ ಬೆಳೆಸಿದ್ದೇವೆ.

ಎಲ್ಲರೂ ನಾಳೆಯೇ ಸಾವಯವಕ್ಕೆ ಬದಲಾಗಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತಾಗಿ ನಿಲ್ಲಿಸಿತು. ಭತ್ತದ ಇಳುವರಿ ಕುಸಿದು ಕೆಲವೇ ತಿಂಗಳಲ್ಲಿ ಆ ಆದೇಶದಿಂದ ಹಿಂದೆ ಸರಿಯಬೇಕಾಯಿತು. ನಮ್ಮದೇ ದೇಶದ ಸಿಕ್ಕಿಂ 2003ರಲ್ಲಿ ಶುರು ಮಾಡಿ, ವರ್ಷದಿಂದ ವರ್ಷಕ್ಕೆ ಗೊಬ್ಬರ ಕಡಿಮೆ ಮಾಡುತ್ತಾ, 2016ರಲ್ಲಿ ಸಂಪೂರ್ಣ ಸಾವಯವ ರಾಜ್ಯವೆಂದು ಘೋಷಿಸಿಕೊಂಡಿತು. ದಶಕಗಳಿಂದ ಕೆಟ್ಟ ಮಣ್ಣು ಸುಧಾರಿಸಲು ವರ್ಷಗಳೇ ಬೇಕು. ಹಾಗೆಯೇ 1960ರ ದಶಕದಲ್ಲಿ ವಿದೇಶದ ಹಡಗಿನ ಗೋಧಿಗೆ ಕಾಯುತ್ತಿದ್ದ ದೇಶದ ಹಸಿವನ್ನು ಐಆರ್ 8, ಜಯದಂತಹ ಹೊಸ ತಳಿಗಳು ನೀಗಿಸಿದ್ದನ್ನೂ ಮರೆಯಬಾರದು. ಹೊಸದು ಬಂದ ಸಂತೋಷದಲ್ಲಿ ಹಳೆಯದನ್ನು ಒಂದು ಪಾತಿಯಷ್ಟೂ ಉಳಿಸಿಕೊಳ್ಳದೆ ಹೋದದ್ದು ನಮ್ಮ ತಪ್ಪು.

ಸಹೋದರಿಯರೇ, ಗದ್ದೆಯಲ್ಲಿ ಏನು ಬೆಳೆಯಬೇಕೆಂದು ಸರಕಾರ, ಮಾರುಕಟ್ಟೆ, ಗಂಡಸರು ತೀರ್ಮಾನಿಸುತ್ತಾರೆ ಎಂದು ನಾವು ತಿಳಿದಿದ್ದೇವೆ. ಆದರೆ ನಾವು ಯಾವ ಅಕ್ಕಿ ಕೊಳ್ಳುತ್ತೇವೋ ಅದನ್ನೇ ಅಂಗಡಿಯವನು ತರಿಸುತ್ತಾನೆ, ಅದನ್ನೇ ರೈತ ಬಿತ್ತುತ್ತಾನೆ. ನಮ್ಮ ಚೀಟಿಯೂ ಒಂದು ಓಟು. ಹತ್ತಿರದ ರೈತರಲ್ಲಿ ಊರಿನ ಕಜೆ ಅಕ್ಕಿ ಇದ್ದರೆ ತಿಂಗಳಿಗೆ ಐದು ಕಿಲೋ ಆದರೂ ಅವರಿಂದಲೇ ಕೊಳ್ಳಿ. ಪತ್ತಿರ್, ಪುಂಡಿಗೆ ಒಮ್ಮೆ ಆ ಅಕ್ಕಿಯನ್ನು ನೆನೆಹಾಕಿ ನೋಡಿ. ಅಂಗಳವಿದ್ದರೆ ಬಸಳೆ ಚಪ್ಪರ, ಫ್ಲ್ಯಾಟ್ ಆದರೆ ಬಾಲ್ಕನಿಯಲ್ಲಿ ಎರಡು ಚಟ್ಟಿ ಹರಿವೆ. ನಿಮ್ಮ ಉಮ್ಮ, ಅಜ್ಜಿ ಕೊಟ್ಟ ಅಲಸಂಡೆಯೋ ಸೌತೆಯೋ ಇದ್ದರೆ ಅದರ ಬೀಜವನ್ನು ನೀವೂ ಇಟ್ಟುಕೊಳ್ಳಿ, ಇನ್ನೊಬ್ಬರಿಗೂ ಕೊಡಿ. ಒಂದೇ ಮನೆಯಲ್ಲಿ ಉಳಿದ ಬೀಜ ನನ್ನಂಥ ಒಬ್ಬಳ ಅವಸರಕ್ಕೆ ಮುಗಿದು ಹೋಗುತ್ತದೆ. ಹತ್ತು ಮನೆಗೆ ಹಂಚಿದ ಬೀಜ ಎಲ್ಲಾದರೂ ಒಂದು ಕಡೆ ಬದುಕಿರುತ್ತದೆ.

ಅತ್ತೆಯ ಕಯಮೆಗಾಗಿ ನಾನು ಅವರ ತವರಿನಲ್ಲೂ ಹುಡುಕಿದೆ. ಅಲ್ಲಿ ಈಗ ರಬ್ಬರ್ ತೋಟ. ಅದು ಇನ್ನು ಸಿಗುವುದಿಲ್ಲ.

ಎಂಬತ್ತು ದಾಟಿದ ಅವರಿಗೆ ಈಗ ಕಣ್ಣು ಮಂಜು. ಆದರೆ ಕೊಯ್ಲಿನ ಸಮಯದಲ್ಲಿ ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲಿ ಕೂರುತ್ತಾರೆ. ತೆನೆಗಳನ್ನು ಬೆರಳಿನಿಂದಲೇ ಸವರಿ ಬಿತ್ತನೆಗೆ ಬೇರೆ ಮಾಡಿ ಕೊಡುತ್ತಾರೆ. ಮುಡಿ ಕಟ್ಟುವವರು ಊರಲ್ಲಿ ಯಾರೂ ಉಳಿದಿಲ್ಲವಾದ್ದರಿಂದ ಅವರ ಬಾಯಿಮಾತಿನ ಮೇಲೆ ನಾನೂ ಮಗಳೂ ಒಂದು ಪುಟ್ಟ ಮುಡಿ ಕಟ್ಟಿದ್ದೇವೆ. ಒಂದು ಬದಿಗೆ ವಾಲಿಕೊಂಡಿದೆ. ಗ್ಯಾಸ್ ಒಲೆಯ ಅಡುಗೆ ಕೋಣೆಯಲ್ಲಿ ಹೊಗೆ ಇಲ್ಲ, ಹಾಗಾಗಿ ಬಚ್ಚಲಿನಲ್ಲಿ ನೀರು ಕಾಯಿಸುವ ಒಲೆಯ ಮೇಲೆ ತೂಗುಹಾಕಿದ್ದೇವೆ. ಇನ್ನೊಂದು ಪಾಲನ್ನು ನೆರೆಯ ಅಕ್ಕನಿಗೆ ಕೊಟ್ಟಿದ್ದೇನೆ.

ಕಳೆದ ಈದಿನ ಹಿಂದಿನ ರಾತ್ರಿ ಫಿತ್ರ್ ಝಕಾತ್‌ನ ಅಕ್ಕಿ ಅಳೆಯುವಾಗ ಅತ್ತೆ ಎಂದಿನಂತೆ ಪಾತ್ರೆಗೆ ಕೈ ಹಾಕಿದರು.

"ಎಲ್ಲಿಯ ಅಕ್ಕಿ?"

"ಕೆಳಗಿನ ಗದ್ದೆಯದ್ದು ಉಮ್ಮಾ."

"ಮುಡಿ ತೆಗೆದಿಟ್ಟಿದ್ದೀಯಾ?"

"ಇಟ್ಟಿದ್ದೇನೆ."

"ಹಾಗಾದರೆ ಅಳೆ" ಎಂದರು.